ಎಫಿಯ ಕರೆಂಟು ಕದ್ದವಳು ನಾನೇ

ಎಫಿ ಮೆಕ್‌ಫೇಲ್‌ಳ ಕರೆಂಟನ್ನು ನಾನು ಕದಿಯುತ್ತಿದ್ದೇನೆ ಎಂಬ ಸುದ್ದಿ ಗ್ರೀನಕ್ ಊರಿಗೆಲ್ಲ ಹಬ್ಬಿ, ಕಟ್ಟಕಡೆಗೆ ನನ್ನ ಕಿವಿಗೆ ಬಿತ್ತು. ಮಂಗಳವಾರ ಬಿಂಗೋ ಆಡಲು ಕೂತಿದ್ದೆವು. ಎದುರು ಕುರ್ಚಿಯ ಜೆಸ್ಸಿ ಹಲ್ಲು ಕಿರಿಯುತ್ತ, "ಮೋರಾಗ್, ನಿಮ್ಮನೆ ಭಾರೀ ಬೆಚ್ಚಗಿರುತ್ತಂತಲ್ಲೇ? ಇರ್ದೇ ಏನು, ಎದುರು ಮನೆ ತಂತಿ ಕೈಗೆ ಸಿಕ್ರೆ!" ಅಂದಳು. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಕೂಗಿದ ಒಂದು ನಂಬರೂ ನನಗೆ ಕೇಳಿಸಲಿಲ್ಲ.

ಎಫಿ ಯಾರೋ ಹೊರಗಿನವಳಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಒಂಬತ್ತನೇ ಮಹಡಿಯಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು, ಮೂವತ್ತನಾಲ್ಕು ವರ್ಷದಿಂದ. ಒಂದೇ ಶಾಲೆಯ ಅಡುಗೆಮನೆಯಲ್ಲಿ ಇಬ್ಬರೂ ದುಡಿದವರು. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು, ನಾನು ಕಸ್ಟರ್ಡ್ ತಿರುವುತ್ತಿದ್ದೆ. ನನ್ನ ಗಂಡನೆಂಬ ಪ್ರಾಣಿ ಬೇರೆಯವಳ ಜೊತೆ ಓಡಿಹೋದಾಗ ಒಂದು ತಿಂಗಳು ದಿನಾ ಸೂಪಿನ ಪಾತ್ರೆ ಹಿಡಿದು ಬಂದು, ನಾನು ಕುಡಿದು ಮುಗಿಸುವ ತನಕ ಮುಂದೆ ಕೂತಿರುತ್ತಿದ್ದವಳು ಇವಳೇ. ಅಂಥವಳ ಬಾಯಲ್ಲಿ ನಾನು ಕಳ್ಳಿ.

ಬಿಂಗೋ ಬಿಟ್ಟು ನೇರ ಅವಳ ಬಾಗಿಲು ಬಡಿದೆ. ಎರಡು ಸ್ವೆಟರು, ಮೇಲೊಂದು ಶಾಲು ಸುತ್ತಿಕೊಂಡು ಬಂದಳು.

"ಏನೇ ಎಫಿ, ನಾನು ನಿನ್ನ ಕರೆಂಟು ಕದೀತೀನಾ?"

"ಕದೀತೀಯ ಅಂತ ಎಲ್ಲಿ ಅಂದೆ? ನಿನ್ ಬಿಲ್ಲು ಎಪ್ಪತ್ತು ಪೌಂಡು, ನಂದು ನೂರ ತೊಂಬತ್ತು. ಎರಡೂ ಮನೆ ಒಂದೇ ಅಳತೆ, ಹೀಟರೂ ಒಂದೇ ಥರದ್ದು. ಡೂಗಿ ಇದ್ದಾಗ ಇಬ್ರಿದ್ವಿ, ಆಗ ನಂದೂ ಎಪ್ಪತ್ತೇ ಬರ್ತಿತ್ತು. ಈಗ ಒಬ್ಳೇ ಇದೀನಿ. ಒಬ್ಳಿಗೆ ಜಾಸ್ತಿ ಹೆಂಗೆ ಬರುತ್ತೆ? ನೀನೇ ಹೇಳು."

"ನಂಗೇನೇ ಗೊತ್ತು!"

"ಅಷ್ಟೇ ನಾನು ಜೆಸ್ಸಿಗೆ ಹೇಳಿದ್ದು. ಮೋರಾಗ್‌ಗೆ ಏನೂ ಗೊತ್ತಿಲ್ವಂತೆ ಅಂತ." ಬಾಗಿಲು ಹಾಕಿಕೊಂಡಳು.

ಡೂಗಿ ಅವಳ ಗಂಡ. ನದಿಯ ಆಚೆ ದಡದ ಡನೂನ್ ಊರಿಗೆ ಹೋಗುವ ಹಡಗಿನಲ್ಲಿ ಹಗ್ಗ ಎಳೆಯುವ ಕೆಲಸ ಮಾಡಿ ನಿವೃತ್ತನಾದವನು. ಹೋದ ವರ್ಷ ಫೆಬ್ರುವರಿಯಲ್ಲಿ, ಮಾಂಸದಂಗಡಿಯ ಸಾಲಿನಲ್ಲಿ ನಿಂತಿದ್ದ ಹಾಗೇ ಕುಸಿದು ಹೋಗಿಬಿಟ್ಟ. ಎಫಿ ನಾಲ್ಕು ಜನರೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವಳ ಸ್ವಭಾವವೇ ಹಾಗೆ. ಅವಳಿಗೆ ಅಳುವುದಕ್ಕೆ ಬರುವುದಿಲ್ಲ, ಜಗಳ ಆಡುವುದಕ್ಕೆ ಬರುತ್ತದೆ.

ಆ ಬಿಲ್ಲಿಗಾಗಿ ಅವಳು ಜಗಳ ಆಡದೆ ಬಿಟ್ಟವರಿಲ್ಲ. ಕಂಪನಿಗೆ ಫೋನು ಮಾಡಿದರೆ ನಲವತ್ತು ನಿಮಿಷ ಪೀಪಿ ಊದುವ ಸಂಗೀತ, ಆಮೇಲೆ ಒಬ್ಬ ಹುಡುಗಿ ಬಂದು, "ಬಳಸಿದೀರಿ ಮೇಡಂ, ಅದಕ್ಕೇ ಬಂದಿದೆ" ಅನ್ನುತ್ತಿದ್ದಳಂತೆ. ಕಟ್ಟಡ ನೋಡಿಕೊಳ್ಳುವವರು ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದರು. ಆ ಮಹಾಶಯ ಬಂದದ್ದು ಬೆಳಗ್ಗೆ ಹನ್ನೊಂದಕ್ಕೆ. ಹೀಟರಿನ ಮುಚ್ಚಳ ಬಿಚ್ಚಿ ಒಳಗಿನ ಶಾಖ ಹಿಡಿದಿಡುವ ಇಟ್ಟಿಗೆಗಳನ್ನು ಮುಟ್ಟಿ ನೋಡಿ, "ಯಾವಾಗ್ಲೂ ಸ್ವಿಚ್ಚು ಹಾಕಿರ್ತೀರಾ?" ಎಂದು ಕೇಳಿದನಂತೆ. "ಮತ್ತೆ? ಎದ್ದ ತಕ್ಷಣ ಮೊದ್ಲು ಹಾಕೋದೇ ಅದು" ಎಂದಳಂತೆ ಇವಳು. "ಹಂಗಾದ್ರೆ ಎಲ್ಲಾ ಸರಿಯಾಗಿದೆ ಅಮ್ಮಾ" ಎಂದು ಹೇಳಿ, ಇವಳು ಕೊಟ್ಟ ಚಹಾ ಕುಡಿದು, ನಾಲ್ಕು ಬಿಸ್ಕತ್ತು ತಿಂದು ಹೊರಟುಹೋದ. ಹೀಟರು ತಣ್ಣಗೇ ಇತ್ತು. ಇವಳು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ಫ್ಯಾನ್ ಹೀಟರು ತಂದುಕೊಂಡು ಹಗಲೆಲ್ಲ ಕಾಲ ಬುಡದಲ್ಲಿ ಇಟ್ಟುಕೊಂಡಳು.

ಕಂಪನಿಯದು ತಪ್ಪಿಲ್ಲ, ಹೀಟರಿನದು ತಪ್ಪಿಲ್ಲ. ಉಳಿದವಳು ನಾನು.

ಮೊಗಸಾಲೆಯಲ್ಲಿ ಎರಡೂ ಮನೆಯ ಮೀಟರು ಒಂದೇ ಕಪಾಟಿನಲ್ಲಿವೆ. ಆ ಕಪಾಟಿಗೆ ಒಂದು ದಿನ ಬೀಗ ಬಿತ್ತು. ನನ್ನ ಮೀಟರನ್ನು ನಾನು ನೋಡಬೇಕಾದರೆ ಇವಳ ಅಪ್ಪಣೆ ಬೇಕು! ಸಿಟ್ಟು ನೆತ್ತಿಗೇರಿ, "ಬಾರೇ, ಇವತ್ತೇ ತೀರ್ಮಾನ ಆಗ್ಲಿ. ನಮ್ಮನೆ ಮೇನ್ ಸ್ವಿಚ್ಚೇ ಆರಿಸ್ತೀನಿ, ನಿನ್ ಮೀಟರು ನಿಲ್ಲುತ್ತಾ ನೋಡು" ಎಂದೆ. ಅರ್ಧ ಗಂಟೆ ನಾನು ಕತ್ತಲಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಕೂತೆ. ಅವಳು ಟಾರ್ಚು ಹಿಡಿದು ಕಪಾಟಿನ ಮುಂದೆ ನಿಂತಳು.

"ಓಡ್ತಾನೇ ಇದೆ!"

"ನಿನ್ ಫ್ಯಾನ್ ಹೀಟರು ಉರೀತಾ ಇದೆಯಲ್ಲೇ ಒಳಗೆ, ಓಡ್ದೇ ನಿಂತ್ಕೊಳುತ್ತಾ?"

"ಅದೊಂದಕ್ಕೆ ಇಷ್ಟು ಓಡುತ್ತಾ? ನೀನು ಬೇರೆಲ್ಲೋ ತಂತಿ ಎಳ್ದಿದೀಯ."

"ನಂಗೆ ಬಲ್ಬು ಬದಲಾಯಿಸೋಕೆ ಬರಲ್ಲ, ಅದನ್ನೂ ನಿನ್ ಡೂಗಿನೇ ಬಂದು ಹಾಕ್ತಿದ್ದ. ತಂತಿ ಎಳೀತೀನಂತೆ ತಂತಿ!"

ಡೂಗಿಯ ಹೆಸರೆತ್ತಿದ್ದೇ ತಪ್ಪಾಯಿತು. ಅವಳು ಮಾತು ಬಿಟ್ಟಳು. ಡಿಸೆಂಬರು ಪೂರ್ತಿ ಲಿಫ್ಟಿನಲ್ಲಿ ಇಬ್ಬರೂ ಒಟ್ಟಿಗೆ ಬಂದರೆ ಅವಳು ಬಾಗಿಲ ಕಡೆ, ನಾನು ಕನ್ನಡಿ ಕಡೆ. ಕ್ರಿಸ್ಮಸ್ಸಿಗೆ ಪ್ರತಿವರ್ಷ ನಾವಿಬ್ಬರೂ ಸೇರಿ ಮಾಡುತ್ತಿದ್ದ ಕಡುಬನ್ನು ಈ ಸಲ ನಾನೊಬ್ಬಳೇ ಮಾಡಿ, ಒಬ್ಬಳೇ ತಿಂದೆ. ಬಿಟ್ಟರೆ ಬಿಡಲಿ, ನನಗೇನು ಎಂದು ಹೇಳಿಕೊಂಡೆ. ಸುಳ್ಳು.

ಜನವರಿಯಲ್ಲಿ ನದಿಯ ಕಡೆಯಿಂದ ಗಾಳಿ ಬೀಸಲು ಶುರುವಾದಾಗ ಅವಳ ಕೆಮ್ಮು ಎರಡು ಬಾಗಿಲು ದಾಟಿ ನನಗೆ ಕೇಳಿಸತೊಡಗಿತು. ಒಂದು ಬೆಳಗ್ಗೆ ಹಾಲು ತರಲು ಬಾಗಿಲು ತೆರೆದಾಗ ನೋಡುತ್ತೇನೆ, ಎದುರು ಬಾಗಿಲೂ ತೆರೆದಿದೆ, ಎಫಿ ಮನೆಯೊಳಗೇ ಡೂಗಿಯ ಹಡಗಿನ ದಪ್ಪ ಕೋಟು ತೊಟ್ಟು ನಿಂತಿದ್ದಾಳೆ, ತುಟಿ ನೀಲಿ. ಇನ್ನು ತಡೆಯಲಾಗಲಿಲ್ಲ. ನಾಲ್ಕು ವರ್ಷದ ನನ್ನ ಬಿಲ್ಲುಗಳನ್ನೆಲ್ಲ ಸಂತೆಚೀಲಕ್ಕೆ ತುಂಬಿಕೊಂಡು, ಅವಳನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿ ಅಡುಗೆಮನೆಯ ಮೇಜಿನ ಮೇಲೆ ಸುರಿದೆ.

"ನಿನ್ನವೂ ತೆಗಿ."

"ಯಾಕೆ?"

"ತೆಗೀತೀಯೋ, ಇಲ್ಲಾ ನಾನೇ ಕಪಾಟು ಹುಡುಕ್ಲೋ? ಹೆಂಗೂ ಕಳ್ಳಿ ಅಂತ ಹೆಸ್ರು ಬಂದಿದೆ."

ಗೊಣಗುತ್ತ ತೆಗೆದಳು. ಬಿಲ್ಲಿನಲ್ಲಿ ಎರಡು ಸಾಲಿರುತ್ತದೆ, ಹಗಲಿನ ಯೂನಿಟ್ಟು ಒಂದು, ರಾತ್ರಿಯದು ಒಂದು. ರಾತ್ರಿ ಹನ್ನೊಂದೂವರೆಯಿಂದ ಬೆಳಗ್ಗೆ ಆರೂವರೆ ತನಕ ಕರೆಂಟಿಗೆ ಅರ್ಧಕ್ಕೂ ಕಮ್ಮಿ ದರ. ನಮ್ಮ ಗೋಡೆಯ ಹೀಟರುಗಳಿಗೆ ಕರೆಂಟು ಹರಿಯುವುದೇ ಆ ಹೊತ್ತಿನಲ್ಲಿ; ಒಳಗಿನ ಇಟ್ಟಿಗೆ ರಾತ್ರಿ ಕಾದು, ಹಗಲಿಡೀ ನಿಧಾನಕ್ಕೆ ಶಾಖ ಬಿಡುತ್ತದೆ. ಹಗಲು ಅದರ ಸ್ವಿಚ್ಚು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಇಷ್ಟು ನನಗೂ ಗೊತ್ತಿತ್ತು. ಆದರೆ ಬಿಲ್ಲು ಬಂದರೆ ಕೊನೆಯ ಮೊತ್ತ ನೋಡಿ ಬೈಯುವುದು ಬಿಟ್ಟು ಈ ಸಾಲುಗಳನ್ನು ಓದಿದವರು ನಮ್ಮ ಕಟ್ಟಡದಲ್ಲಿ ಯಾರೂ ಇಲ್ಲ.

ಕನ್ನಡಕ ಹಾಕಿಕೊಂಡು ಓದಿದೆ. ನನ್ನದು ದಿನಕ್ಕೆ ಹಗಲು ಆರು ಯೂನಿಟ್ಟು, ರಾತ್ರಿ ಇಪ್ಪತ್ತೆರಡು. ಎಫಿಯದು ಹಗಲು ಇಪ್ಪತ್ತೇಳು, ರಾತ್ರಿ ಒಂದು.

"ಎಫಿ, ರಾತ್ರಿ ಒಂದೇ ಯೂನಿಟ್ಟು ಅಂದ್ರೆ ಫ್ರಿಜ್ಜು ಬಿಟ್ರೆ ಬೇರೇನೂ ಓಡ್ತಿಲ್ಲ. ನಿನ್ ಹೀಟರು ರಾತ್ರಿ ಏನ್ಮಾಡ್ತಿರುತ್ತೆ?"

"ಏನ್ಮಾಡುತ್ತೆ? ಆರಿಸಿರ್ತೀನಿ."

ನಾನು ಕನ್ನಡಕ ತೆಗೆದೆ. "ಆರಿಸಿರ್ತೀಯಾ?"

"ಮತ್ತೆ ಉರಿಯೋ ವಸ್ತು ಹಾಕಿಟ್ಟು ಯಾರಾದ್ರೂ ಮಲಗ್ತಾರೇನೇ? ಟಿವಿ, ಕೆಟ್ಲು, ಟೋಸ್ಟರು, ಹೀಟರು, ಎಲ್ಲಾ ಗೋಡೆ ಸ್ವಿಚ್ಚೇ ಆರಿಸ್ತೀನಿ. ಹತ್ತು ಗಂಟೆಗೆ ಒಂದು ಸುತ್ತು ಹೊಡ್ದು, ಒಂದೊಂದನ್ನೂ ಮುಟ್ಟಿ ನೋಡಿ ಮಲಗೋದು. ನಾನು ಚಿಕ್ಕವಳಿದ್ದಾಗ ಕೆಳಗಿನ ಮನೆ ಮಿಸೆಸ್ ಕ್ರಾಫರ್ಡ್ ರಾತ್ರಿ ಹೀಟರು ಹಾಕಿಟ್ಟು ಮಲಗಿ ಸುಟ್ಟುಹೋದ್ಲು. ನಮ್ಮಮ್ಮ ಸಾಯೋ ತನಕ ಅದನ್ನೇ ಹೇಳ್ತಿದ್ಲು."

"ಅಯ್ಯೋ ನಿನ್ ತಲೆಗಿಷ್ಟು! ಆ ಹೀಟರು ಕಾಯೋದೇ ರಾತ್ರಿ ಕಣೇ! ರಾತ್ರಿ ಆರಿಸಿ ಬೆಳಗ್ಗೆ ಹಾಕಿದ್ರೆ ಅದು ಬರೀ ಕಬ್ಬಿಣದ ಪೆಟ್ಟಿಗೆ. ಅದು ತಣ್ಣಗಿದೆ ಅಂತ ನೀನು ಹಗಲಿನ ದುಬಾರಿ ಕರೆಂಟಲ್ಲಿ ಫ್ಯಾನು ಉರಿಸ್ತೀಯ. ಎಲೆಕ್ಟ್ರಿಷಿಯನ್ ಬಂದಾಗ ಯಾಕೆ ಹೇಳ್ಲಿಲ್ಲ?"

"ಅವ್ನು ರಾತ್ರಿದು ಕೇಳ್ಲಿಲ್ಲ."

ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಎರಡು ತಿಂಗಳು ಊರೆಲ್ಲ ನನ್ನನ್ನು ಕಳ್ಳಿ ಮಾಡಿದ್ದು ಇದಕ್ಕೆ! ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹಳೆಯ ಬಿಲ್ಲೊಂದನ್ನು ಎಳೆದು ನನ್ನ ಮುಂದೆ ಬಡಿದಳು.

"ಹಂಗಾದ್ರೆ ಇದೇನು? ಮದುವೆಯಾದಾಗಿಂದ ನಾನು ಆರಿಸ್ತಾನೇ ಬಂದಿದೀನಿ, ಒಂದು ರಾತ್ರಿನೂ ತಪ್ಪಿಲ್ಲ. ಆಗೆಲ್ಲ ಮನೆ ಬೆಚ್ಚಗಿತ್ತಲ್ಲ? ಓದು, ಜಾಣೆ!"

ಓದಿದೆ. ಹಗಲು ಏಳು, ರಾತ್ರಿ ಇಪ್ಪತ್ತೊಂದು. ಅದರ ಹಿಂದಿನದೂ ಹಾಗೇ. ಅದಕ್ಕೂ ಹಿಂದಿನದೂ. ಒಂದೊಂದಾಗಿ ಮುಂದಕ್ಕೆ ಬಂದೆ. ಹೋದ ವರ್ಷ ಜನವರಿಯಲ್ಲಿ ರಾತ್ರಿ ಇಪ್ಪತ್ತೊಂದು. ಮಾರ್ಚಿನಲ್ಲಿ ಒಂದು.

ಡೂಗಿ ಹೋದದ್ದು ಆ ಎರಡರ ನಡುವಿನ ಫೆಬ್ರುವರಿಯಲ್ಲಿ. ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಅವಳೇ ಬಾಯಿಬಿಟ್ಟಳು.

"ರಾತ್ರಿ ಏಳ್ತಿದ್ದ ಕಣೇ," ಎಂದಳು. "ನಾನು ಮಲಗಿದ್ಮೇಲೆ ಒಂದ್ಸಲ, ಬೆಳಗ್ಗೆ ನಾನು ಏಳೋಕೆ ಮುಂಚೆ ಒಂದ್ಸಲ. ಎಲ್ಲಿಗೋ ಅಂದ್ರೆ ಬಾತ್‌ರೂಮಿಗೆ ಅನ್ನೋನು. ನಿನ್ ಮೂತ್ರಕೋಶ ಕೆಟ್ಟಿದೆ ಅಂತ ಬೈದು ಬೈದು ಡಾಕ್ಟ್ರ ಹತ್ರ ಕಳಿಸ್ದೆ. ಮೂರು ಸಲ ಪರೀಕ್ಷೆ ಮಾಡ್ಸಿದ್ರು. ಏನೂ ಇಲ್ಲ ಅಂದ್ರು. ಆ ಡಾಕ್ಟ್ರಿಗೂ ಬೈದೆ."

"ಎಫಿ..."

"ಮೂರು ಸಲ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬಂದ ಹಾಳಾದವ್ನು! ಹೀಟರು ಹಾಕೋಕೆ ಏಳ್ತೀನಿ ಅಂತ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು ಅವನಿಗೆ? ಹೇಳಿದ್ರೆ ನಾನೇನು ನುಂಗ್ತಿದ್ನಾ?"

ನುಂಗುತ್ತಿದ್ದಳು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ಕೋಟಿನ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಡೂಗಿಯ ಮೇಲೆ ವಿಪರೀತ ಸಿಟ್ಟು ಬಂತು. ಇಂಥ ವಿಷಯ ಹೇಳದೆ ಹೋಗುವುದೇ?

ರಾತ್ರಿ ಸ್ವಿಚ್ಚು ಆರಿಸಬಾರದು ಎಂದು ಅವಳಿಂದ ಭಾಷೆ ತೆಗೆದುಕೊಂಡು ಮನೆಗೆ ಬಂದೆ. ಅವತ್ತು ಹತ್ತೂವರೆಗೆ ನನ್ನ ಬಾಗಿಲು ಬಡಿದ ಸದ್ದಾಯಿತು. ರಾತ್ರಿಯ ಉಡುಪಿನ ಮೇಲೆ ಅದೇ ಕೋಟು ಹಾಕಿಕೊಂಡು ನಿಂತಿದ್ದಳು.

"ಆಗ್ತಿಲ್ಲ ಕಣೇ ಮೋರಾಗ್. ಹಾಕಿಟ್ಟು ಮಲಗ್ತೀನಿ, ಮಿಸೆಸ್ ಕ್ರಾಫರ್ಡ್ ಬರ್ತಾಳೆ ಕಣ್ಮುಂದೆ. ನಾಲ್ಕು ಸಲ ಎದ್ದು ಆರಿಸ್ದೆ."

"ಹಂಗಾದ್ರೆ ಏನ್ಮಾಡೋಣ ಅಂತೀಯ?"

ಅವಳು ತನ್ನ ಮನೆಯ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದಳು. "ನಾನು ಆರಿಸ್ತೀನಿ. ನಾನು ಮಲಗಿದ್ಮೇಲೆ ನೀನು ಬಂದು ಹಾಕು. ಬೆಳಗ್ಗೆ ಬಂದು ಆರಿಸು. ನಂಗೆ ಮಾತ್ರ ಹೇಳ್ಬೇಡ."

"ಥೂ, ನಂಗೇನು ಬೇರೆ ಕೆಲ್ಸ ಇಲ್ವಾ?"

"ಬೇಡಾಂದ್ರೆ ಕೊಡಿಲ್ಲಿ."

ಕೊಡಲಿಲ್ಲ. ಹನ್ನೊಂದೂವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು, ಡೂಗಿಯನ್ನು ಮನಸ್ಸಿನಲ್ಲೇ ಬೈಯುತ್ತ ಅವಳ ಮನೆಗೆ ಹೋದೆ. ಒಳಗೆ ಮೂಳೆ ಕೊರೆಯುವ ಚಳಿ. ಗೋಡೆ ತಡವುತ್ತ ಹೋಗಿ ಸ್ವಿಚ್ಚು ಒತ್ತಿದೆ. ಟಕ್ ಎಂದಿತು. ಮಲಗುವ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ನಿದ್ದೆಗಣ್ಣಿನ ದನಿ ಬಂತು, "ಡೂಗಿ? ಬಂದ್ಯಾ?"

ನಾನು ಗಂಟಲು ದಪ್ಪ ಮಾಡಿಕೊಂಡು, "ಹೂಂ" ಎಂದೆ.