ಇಬ್ಬರು ಪದ್ಮಾವತಿಯರು ಮತ್ತು ಕಂಪ್ಲಿ ಅತ್ತೆ

ಕಂಪ್ಲಿ ಅತ್ತೆಯ ಎಡಗಿವಿಯ ಹಾಲೆ ನಡುವೆ ಸೀಳಿ ಎರಡು ತುಂಡಾಗಿ ಜೋತಾಡುತ್ತಿತ್ತು. ಬಲಗಿವಿಯಲ್ಲಿ ಮುತ್ತಿನ ಬೆಂಡೋಲೆ, ಎಡಗಿವಿ ಬರಿದು. ಈಗ ಡಾಕ್ಟರು ಸುಲಭವಾಗಿ ಹೊಲಿದುಕೊಡುತ್ತಾರೆ ಎಂದು ನಾವು ಹೇಳಿದರೆ, ‘ನನ್ನ ತಮ್ಮ ಮಾಡಿದ್ದು, ಇರ್ಲಿ ಬಿಡು’ ಎನ್ನುತ್ತಿದ್ದಳು. ಆ ತಮ್ಮ ನಮ್ಮಪ್ಪ. ಕೂಸಾಗಿದ್ದಾಗ ಅಕ್ಕನ ಸೊಂಟದ ಮೇಲೆ ಕೂತು ಓಲೆಗೆ ಕೈಹಾಕಿ ಜಗ್ಗಿದ್ದರಂತೆ.

ಎತ್ತರದ, ಎಲುಬು ಗಟ್ಟಿಯಾದ ಹೆಂಗಸು. ಮನೆಗೆ ಹೊಸಬರು ಯಾರೇ ಬರಲಿ, ಕಾಫಿಗಿಂತ ಮೊದಲು ಒಂದು ಪ್ರಶ್ನೆ ಬರುತ್ತಿತ್ತು: ‘ನಿಮ್ಮ ತಾಯಿ ತವರು ಯಾವುದು?’ ಗ್ಯಾಸ್ ಸಿಲಿಂಡರ್ ತಂದವನಿಗೂ, ಜನಗಣತಿಗೆ ಬಂದ ಮೇಡಂಗೂ ಅದೇ ಪ್ರಶ್ನೆ. ಅಪ್ಪನ ಹೆಸರು ಹೇಳಿದರೆ ಅರ್ಧ ಮನುಷ್ಯ ಮಾತ್ರ ತಿಳಿದಂತೆ ಎಂಬುದು ಅವಳ ನಂಬಿಕೆ. ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಶಿ ಮಾಡುವಳು, ದೇವರ ಮುಂದೆ ಮಾತ್ರ ಪಿಸುಮಾತು, ಕಿವಿ ಕೇಳದ ಮಾವನ ಜೊತೆ ಓಣಿಗೆಲ್ಲ ಕೇಳುವಂಥ ಸಂಸಾರ.

ಬೇಸಿಗೆ ರಜೆಗೆ ನಾವು ಹೊಸಪೇಟೆಯಿಂದ ಕಂಪ್ಲಿಗೆ ಹೋಗುವುದು ಪದ್ಧತಿ. ಬಾಳೆ ತೋಟಗಳ ನಡುವಿನ ಕಾಲುವೆಗೆ ಅತ್ತೆ ನಮ್ಮನ್ನು ಕರೆದೊಯ್ದು ಈಜು ಕಲಿಸುತ್ತಿದ್ದಳು. ಕಚ್ಚೆ ಸೀರೆಯಲ್ಲೇ ಎದೆಮಟ್ಟ ನೀರಿನಲ್ಲಿ ನಿಂತು, ನಮ್ಮ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ತಳ್ಳುವಳು. ಓಣಿಯ ಹೆಣ್ಣುಮಕ್ಕಳೆಲ್ಲ ಅವಳ ಕೈಯಲ್ಲೇ ಈಜು ಕಲಿತವರು. ಗಂಡುಮಕ್ಕಳು ಹೆಂಗೋ ಕಲಿತಾರೆ, ಹೆಣ್ಣುಮಕ್ಕಳಿಗೆ ಯಾರೂ ಕಲಿಸೋದಿಲ್ಲ ಎಂದು ಗೊಣಗುತ್ತಿದ್ದಳು. ಅತ್ತರೂ ಬಿಡುತ್ತಿರಲಿಲ್ಲ.

ಅದೇ ರಜೆಯಲ್ಲಿ ಸಂಡೂರಿನಿಂದ ಇನ್ನೊಬ್ಬಾಕೆ ಬಂದಿರುತ್ತಿದ್ದಳು. ತೆಳ್ಳಗಿನ, ಬೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಅತ್ತೆಗೆ ದೂರದ ಸಂಬಂಧ ಎಂದಷ್ಟೇ ನಮಗೆ ಗೊತ್ತು. ನಾವು ಸಂಡೂರಜ್ಜಿ ಎನ್ನುತ್ತಿದ್ದೆವು. ಸಂಜೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಮೊಸರನ್ನ ಕಲಸಿ ಕೈತುತ್ತು ಹಾಕುವ ಕೆಲಸ ಅವಳದು. ನಮ್ಮನ್ನು ಬಿಡಲು ಅಪ್ಪ ಬಂದಾಗ ಮಾತ್ರ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆತನದವರು ವಾಟ್ಸಾಪ್ ಗುಂಪೊಂದನ್ನು ಮಾಡಿಕೊಂಡೆವು. ಎಲ್ಲರೂ ಹಂಪಿಯಲ್ಲಿ ಒಂದು ದಿನ ಸೇರುವುದು, ಅಷ್ಟರೊಳಗೆ ವಂಶವೃಕ್ಷ ಬರೆಸಿ ಗೋಡೆಗೆ ತೂಗುಹಾಕುವುದು ಎಂದಾಯಿತು. ಬ್ಯಾಂಕಿನ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದ ನನಗೆ ಆ ಹೊಣೆ ಬಿತ್ತು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಪ್ರತಿ ಎರಡನೇ ತಲೆಮಾರಿಗೆ ಒಬ್ಬ ವೆಂಕಟೇಶ ಬರುತ್ತಾನೆ. ಒಬ್ಬನ ಹೆಂಡತಿಯನ್ನು ಇನ್ನೊಬ್ಬನಿಗೆ ಗಂಟುಹಾಕಿ, ಮಗನನ್ನು ಅಪ್ಪನಿಗಿಂತ ಹಿರಿಯನನ್ನಾಗಿ ಮಾಡಿ, ಮತ್ತೆ ಅಳಿಸಿ ಬರೆಯುತ್ತಾ ಕೂತೆ. ಅದೊಂದು ಖುಷಿಯ ಕೆಲಸವೇ ಆಗಿತ್ತು.

ತೊಡಕು ಬಂದದ್ದು ದೂರದವರಲ್ಲಿ ಅಲ್ಲ, ನನ್ನ ಸ್ವಂತ ಅಜ್ಜಿಯಲ್ಲಿ. ತಾತ ವೆಂಕಟೇಶ, ಅಜ್ಜಿ ಪದ್ಮಾವತಿ; ಅವರಿಗೆ ಮಗಳು ಕಂಪ್ಲಿ ಅತ್ತೆ, ಮಗ ನಮ್ಮಪ್ಪ. ಅಜ್ಜಿ ಅಪ್ಪನ ಎಳವೆಯಲ್ಲೇ ತೀರಿಕೊಂಡಿದ್ದಳು. ಅಜ್ಜಿಯ ತವರು ಸಂಡೂರು ಎಂದು ನಾನು ಬರೆದೆ. ಚಿಕ್ಕಂದಿನಲ್ಲಿ ತಾತನ ಬಾಯಲ್ಲಿ ಒಮ್ಮೆ ಹಾಗೆ ಕೇಳಿದ ನೆನಪು ಅಪ್ಪನಿಗಿತ್ತು. ಅತ್ತೆಯ ಮಗ ಕೂಡಲೇ ತಿದ್ದಿದ: ಅಲ್ಲ, ಬುಕ್ಕಸಾಗರ, ನಮ್ಮಮ್ಮ ಇವತ್ತಿಗೂ ಅಲ್ಲಿಗೆ ಹೋಗಿಬರ್ತಾಳೆ ಎಂದು. ಒಬ್ಬಳೇ ಅಜ್ಜಿಗೆ ಎರಡು ತವರು ಹೇಗೆ ಎಂದು ಗುಂಪಿನಲ್ಲಿ ನಗೆಚಾಟಿಕೆ ನಡೆಯಿತು.

ನಾನೊಂದು ಬೆಳಿಗ್ಗೆ ಬುಕ್ಕಸಾಗರಕ್ಕೆ ಹೋದೆ. ಅಜ್ಜಿಯ ಅಣ್ಣನ ಮಗ, ತುಂಬ ವಯಸ್ಸಾದವರು, ಭತ್ತದ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ತಮ್ಮ ಸೋದರತ್ತೆ ಕಪ್ಪಗೆ ಕುಳ್ಳಗಿದ್ದಳು, ಚಳಿಜ್ವರದಲ್ಲಿ ಹೋದಳು, ಆಗ ಮಗಳ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ ಎಂದರು. ಮಗ ಹುಟ್ಟಿ ಎಷ್ಟು ದಿನಕ್ಕೆ ಹೋದಳು ಎಂದು ಕೇಳಿದೆ. ಮುದುಕರು ನನ್ನ ಮುಖವನ್ನೇ ನೋಡಿದರು.

‘ಆಕಿಗೆ ಗಂಡುಮಗ ಎಲ್ಲಿದ್ದನವ್ವ? ಒಂದ ಹೆಣ್ಣು.’

ಹಾಗಾದರೆ ನಮ್ಮಪ್ಪ ಯಾರ ಮಗ? ವಾಪಸು ಬರುವ ದಾರಿಯಲ್ಲಿ ಕಾರನ್ನು ಗದ್ದೆಯ ಬದಿಗೆ ನಿಲ್ಲಿಸಿಕೊಂಡು ಬಹಳ ಹೊತ್ತು ಕೂತಿದ್ದೆ. ಅಪ್ಪನಿಗೆ ಎಂಬತ್ತು ದಾಟಿತ್ತು. ಐವತ್ತು ವರ್ಷಕ್ಕೂ ಮೇಲಿಂದ, ಒಂದು ವರ್ಷವೂ ತಪ್ಪಿಸದೆ, ‘ಪದ್ಮಾವತಿ’ ಎಂದು ಹೆಸರು ಹೇಳಿ ತಾಯಿಯ ಶ್ರಾದ್ಧ ಮಾಡಿಕೊಂಡು ಬಂದ ಮನುಷ್ಯ. ಮನೆಗೆ ಹೋಗುವ ಧೈರ್ಯವಾಗದೆ ನಾನು ಕಂಪ್ಲಿಯ ಕಡೆಗೆ ತಿರುಗಿದೆ.

ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬುಕ್ಕಸಾಗರದ ಮಾತು ಹೇಳುತ್ತಿದ್ದಂತೆ ಅವಳ ಕೈ ನಿಂತಿತು. ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದಳು. ಇಲ್ಲ ಎಂದ ಮೇಲೆ ಕೈ ಒರೆಸಿಕೊಂಡು ಬಾಗಿಲು ಮುಂದೆ ಮಾಡಿ ಬಂದು ಕೂತಳು.

ಅವಳ ತಾಯಿ ತೀರಿದ ವರ್ಷದೊಳಗೆ ತಾತ ಸಂಡೂರಿನಿಂದ ಹದಿನಾರರ ಹುಡುಗಿಯನ್ನು ಮದುವೆಯಾಗಿ ತಂದಿದ್ದ. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ನಮ್ಮ ಕಡೆ ರೂಢಿ. ಗಂಡ ವೆಂಕಟೇಶನಾದ್ದರಿಂದ ಮೊದಲ ಹೆಂಡತಿಗೆ ಪದ್ಮಾವತಿ ಎಂದಿಟ್ಟಿದ್ದರು. ಎರಡನೆಯವಳಿಗೂ ಅಕ್ಕಿಯಲ್ಲಿ ಅದೇ ಹೆಸರು ಬರೆಸಿದರು. ತವರಿನ ಕಮಲಾ ಗಂಡನ ಮನೆಯಲ್ಲಿ ಪದ್ಮಾವತಿಯಾದಳು. ಆಗ ಮನೆ ಹಂಪಿಯಲ್ಲಿ, ನದಿಯ ಹತ್ತಿರ. ಅವಳ ಹೊಟ್ಟೆಯಲ್ಲಿ ಹುಟ್ಟಿದವರು ನಮ್ಮಪ್ಪ.

ಬಾಣಂತನದಲ್ಲಿ ಆಕೆಯ ಚಿತ್ತ ಕೆಟ್ಟಿತು. ನಿದ್ದೆಯಿಲ್ಲ, ಊಟವಿಲ್ಲ, ಗೋಡೆಯ ಜೊತೆ ಮಾತು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿದರೇ ಹೊರತು ಬೇರೆ ಏನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಆಕೆ ಕೂಸನ್ನು ಎತ್ತಿಕೊಂಡು, ಅತ್ತೆಯನ್ನು ಕರೆದುಕೊಂಡು ನದಿಗೆ ಹೋದಳು. ಅತ್ತೆಗೆ ಆಗ ಎಂಟೋ ಒಂಬತ್ತೋ ವರ್ಷ. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿದಳು.

‘ಇವನ್ನ ಕೆಳಗ ಇಳಿಸಬ್ಯಾಡ ಅಂದ್ಲು’ ಎಂದಳು ಅತ್ತೆ. ‘ಹಂಗಂದು ನೀರಿಗೆ ನಡದ್ಲು. ನಾ ಏಳ್ಲಿಲ್ಲ. ಇಳಿಸಬ್ಯಾಡ ಅಂದಾಳಲ್ಲ ಅಂತ ಕುಂತಲ್ಲೇ ಕೂಗಿದೆ.’

ಹರಿಗೋಲಿನವರು ಜಡೆ ಹಿಡಿದು ಎಳೆದು ಹಾಕಿದರು. ಜೀವ ಉಳಿಯಿತು. ಸಂಡೂರಿನವರು ಬಂದು ಕರೆದುಕೊಂಡು ಹೋದರು, ತಾತ ಮತ್ತೆ ಕರೆಸಿಕೊಳ್ಳಲಿಲ್ಲ. ಮುಂದೆ ಡ್ಯಾಮಿನ ಕೆಲಸ ಹಿಡಿದು ಇಬ್ಬರು ಮಕ್ಕಳೊಂದಿಗೆ ಹೊಸಪೇಟೆಗೆ ಬಂದ. ಅಲ್ಲಿ ನಮ್ಮ ಮನೆಯ ಕಥೆ ಯಾರಿಗೂ ಗೊತ್ತಿರಲಿಲ್ಲ. ಬುದ್ಧಿ ಬಂದ ಮೇಲೆ ಅಪ್ಪ ತಾಯಿ ಎಲ್ಲಿ ಎಂದು ಕೇಳಿದಾಗ ತಾತ ಮೊದಲ ಹೆಂಡತಿಯ ಶ್ರಾದ್ಧದ ದಿನ ಪಕ್ಕಕ್ಕೆ ಕೂರಿಸಿಕೊಂಡು, ಇವತ್ತು ನಿಮ್ಮಮ್ಮನ ತಿಥಿ ಎಂದನಂತೆ. ಮಂತ್ರದಲ್ಲಿ ಬಂದ ಹೆಸರು ಪದ್ಮಾವತಿ. ಬೇರೆ ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ.

ಮೆಟ್ಟಿಲ ಮೇಲೆ ಏಳಲಾರದೆ ಕೂತ ಆ ಹುಡುಗಿಯೇ ಮುಂದೆ ಕಾಲುವೆಯಲ್ಲಿ ನಿಂತು ನಮ್ಮ ಬೆನ್ನಿಗೆ ಬುರುಡೆ ಕಟ್ಟಿದವಳು ಎಂದು ನನಗೆ ಹೊಳೆದದ್ದು ಅಲ್ಲಿ ಕೂತಾಗ. ಆ ಎರಡನೇ ಅಜ್ಜಿ ತೀರಿಕೊಂಡದ್ದು ಯಾವಾಗ ಎಂದು ಕೇಳಿದೆ.

‘ನೀ ಕಾಲೇಜು ಸೇರಿದ ವರ್ಷ’ ಎಂದಳು. ‘ನೀ ಆಕಿ ಕೈತುತ್ತು ಉಂಡೀದಿ.’

ಒಂದೊಂದೇ ಬೇಸಿಗೆ ಕಣ್ಣ ಮುಂದೆ ಬಂತು. ತಾತ ತೀರಿಕೊಂಡ ವರ್ಷ ರಜೆಗೆ ಹೋದಾಗ ಸಂಡೂರಜ್ಜಿಯ ಹಣೆಯಲ್ಲಿ ಕುಂಕುಮ ಇರಲಿಲ್ಲ, ಕೈಗಳು ಬರಿದಾಗಿದ್ದವು. ಯಾಕಜ್ಜಿ ಎಂದು ನಾನು ಕೇಳಿದ್ದೆ. ಅವಳು ನನ್ನ ಬಾಯಿಗೆ ಇನ್ನೊಂದು ತುತ್ತು ಇಟ್ಟಿದ್ದಳು. ನಮ್ಮ ತಾತನಿಗಾಗಿ ಆ ಮನೆಯಲ್ಲಿ ಒಬ್ಬಳು ವಿಧವೆಯಾಗಿದ್ದಳು, ಅವಳ ಎದುರಿಗೇ ಕೂತು ನಾನು ಉಂಡಿದ್ದೆ.

ತವರಿಗೆ ಹೋದ ಎರಡೇ ವರ್ಷದಲ್ಲಿ ಆಕೆ ಪೂರ್ತಿ ಗುಣವಾಗಿದ್ದಳಂತೆ. ಅತ್ತೆ ಮದುವೆಯಾಗಿ ಕಂಪ್ಲಿಗೆ ಬಂದದ್ದೇ ಗಂಡನನ್ನು ಒಪ್ಪಿಸಿ ಸಂಡೂರಿಗೆ ಹೋಗಿ ಹುಡುಕಿಕೊಂಡು ಕರೆತಂದಳು. ಮಗ ಬರುವ ಹೊತ್ತಿಗೆ ಪ್ರತಿ ವರ್ಷ ಕರೆಸಿಕೊಂಡಳು. ಆದರೆ ಹೇಳಬಾರದೆಂದು ಆಕೆ ಆಣೆ ಹಾಕಿಸಿಕೊಂಡಿದ್ದಳು. ಕೂಸನ್ನು ಬಿಟ್ಟು ನೀರಿಗಿಳಿದವಳು ಯಾವ ಮುಖ ಇಟ್ಟುಕೊಂಡು ಅಮ್ಮ ಅನ್ನಿಸಿಕೊಳ್ಳಲಿ ಎನ್ನುತ್ತಿದ್ದಳಂತೆ.

ಆಕೆ ಹೋದ ಮೇಲಾದರೂ ಅಪ್ಪನಿಗೆ ಹೇಳಬಹುದಿತ್ತಲ್ಲ ಎಂದೆ. ಅತ್ತೆ ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡಳು.

‘ಹೇಳಿದ್ರ ನಾ ಮಲಅಕ್ಕ ಆಗ್ತಿದ್ನಲ್ಲ’ ಎಂದಳು. ‘ಅಷ್ಟ.’

ಅಪ್ಪನಿಗೆ ತಾನೇ ಹೇಳುತ್ತೇನೆ ಎಂದು ಅತ್ತೆ ಮರುವಾರ ಹೊಸಪೇಟೆಗೆ ಬಂದಳು. ಅಪ್ಪ ಪೇಪರು ಓದುತ್ತಿದ್ದರು. ಎದುರು ಕುರ್ಚಿಯಲ್ಲಿ ಕೂತು, ಅವಸರವಿಲ್ಲದೆ, ಏನನ್ನೂ ಮುಚ್ಚದೆ ಹೇಳಿದಳು. ಅಪ್ಪ ಪೇಪರು ಮಡಿಸಿಟ್ಟು ಕೇಳಿದರು. ಮುಗಿದ ಮೇಲೆ ಎದ್ದು ಬಚ್ಚಲಿಗೆ ಹೋದರು. ತಂಬಿಗೆಯ ಸದ್ದು ಕೇಳಿ ನಾನು ಓಡಿದೆ. ಉಟ್ಟ ಪಂಚೆ, ತೊಟ್ಟ ಅಂಗಿಯ ಸಮೇತ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ತಾಯಿ ಸತ್ತ ಸುದ್ದಿ ಎಷ್ಟು ತಡವಾಗಿ ಕೇಳಿದರೂ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ಅಪ್ಪನಿಗೆ ಆ ಸುದ್ದಿ ಬಂದದ್ದು ಅವತ್ತು.

ನೀರು ಸೋರುತ್ತಲೇ ಬಂದು ಅತ್ತೆಯ ಮುಂದೆ ನಿಂತರು. ಆಕೆ ಒಮ್ಮೆಯಾದರೂ ತನ್ನನ್ನು ಮುಟ್ಟಿದ್ದಳೇ ಎಂದು ಕೇಳಿದರು.

ಅತ್ತೆ ಆಗ ಸಂಡೂರಿನಲ್ಲಿ ಆಕೆಯ ಕೊನೆಯ ದಿನದ ಸಂಗತಿ ಹೇಳಿದಳು. ಸಂಬಂಧಿಕರೊಬ್ಬರಿಗೆ ಹುಷಾರಿಲ್ಲ, ಜೊತೆಗೆ ಬಾ ಎಂದು ತಮ್ಮನನ್ನು ಕರೆದೊಯ್ದಿದ್ದಳು. ಹಾಸಿಗೆಯ ಹತ್ತಿರ ಕೂರಿಸಿ, ಒಂದು ಉದ್ಧರಣೆ ತುಳಸಿನೀರು ನೀನೇ ಹಾಕು ಎಂದು ಅವರ ಕೈಯಲ್ಲೇ ಬಾಯಿಗೆ ಹಾಕಿಸಿದ್ದಳು.

ಅಪ್ಪನಿಗೆ ನೆನಪಾಯಿತು.

‘ಆಕಿ ನನ್ನ ಕೈ ಹಿಡಕೊಂಡಿದ್ಲು, ಅಕ್ಕ. ಬಿಡಲೇ ಇಲ್ಲ. ಬಸ್ಸಿಗೆ ಹೊತ್ತಾಗ್ತದ ಅಂತ ನಾನ ಬಿಡಿಸಿಕೊಂಡೆ.’

ಅತ್ತೆ ಏಳಲು ಹೋದಳು, ಅಪ್ಪ ಬೇಡವೆಂದು ಕೈ ತೋರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಊಟ ಮಾಡದೆ ಕಂಪ್ಲಿಗೆ ಹೊರಟಳು. ಆಟೋ ಹತ್ತಿಸಲು ನಾನು ಜೊತೆಗೆ ಹೋದೆ. ನನ್ನಿಂದಲೇ ಎಲ್ಲ ಎದ್ದುಬಂತು ಎಂಬ ಅಳುಕು ನನಗೆ. ಅದನ್ನು ಹೇಳಿದಾಗ, ಹೊರೆ ಇಳಿದು ಭುಜ ನೋಯುತ್ತಿದೆ, ಅಷ್ಟೇ ಎಂದಳು.

ಆ ಮಳೆಗಾಲವಿಡೀ ಅಪ್ಪ ಅಕ್ಕನ ಜೊತೆ ಮಾತಾಡಲಿಲ್ಲ. ಅವಳ ಫೋನು ಬಂದರೆ ನನಗೆ ಕೊಡುತ್ತಿದ್ದರು. ಒಂದೆರಡು ಸಲ ಬೆಳಗಿನ ಬಸ್ಸಿಗೆ ಹಂಪಿಗೆ ಹೋಗಿಬಂದರು. ನದಿಯ ಮೆಟ್ಟಿಲ ಮೇಲೆ ಕೂತಿದ್ದರೆಂದು ಅಲ್ಲಿಯ ಪರಿಚಯದವರು ತಿಳಿಸಿದರು. ಹಂಪಿಯ ಕೂಟವನ್ನು ನಾವು ಮುಂದಕ್ಕೆ ಹಾಕಿದೆವು. ವಂಶವೃಕ್ಷದಲ್ಲಿ ತಾತನ ಪಕ್ಕ ಎರಡು ಮನೆ ಮಾಡಿ ‘ಪದ್ಮಾವತಿ, ಬುಕ್ಕಸಾಗರ’, ‘ಪದ್ಮಾವತಿ, ಸಂಡೂರು’ ಎಂದು ಬರೆದೆ. ಗುಂಪಿನಲ್ಲಿ ಯಾರೂ ಏನೂ ಕೇಳಲಿಲ್ಲ.

ಕಾರ್ತಿಕದಲ್ಲಿ ಸಂಡೂರಜ್ಜಿಯ ತಿಥಿ ಬಂತು. ದಿನ ಗೊತ್ತಿದ್ದವಳು ಅತ್ತೆ ಒಬ್ಬಳೇ. ನನ್ನ ಮೂಲಕ ಹೇಳಿಕಳಿಸಿದಳು. ಪ್ರತಿ ವರ್ಷ ಆ ದಿನ ಅವಳು ಯಾರಿಗೂ ಕಾರಣ ಹೇಳದೆ ಓಣಿಯ ಒಬ್ಬ ಮುದುಕಿಯನ್ನು ಕರೆದು ಊಟ ಹಾಕುತ್ತಿದ್ದಳಂತೆ. ಅಪ್ಪ ತಾಯಿಯ ಶ್ರಾದ್ಧ ಮಾಡಿದರು. ಎಂಬತ್ತರ ಮೇಲಿನ ಮಗ ಪಿಂಡ ಇಡುವಾಗ ಹೊಸದಾಗಿ ತಾಯಿ ಸತ್ತವರಂತೆ ಅತ್ತರು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದವರೇ ಫೋನು ಕೇಳಿದರು. ಕಂಪ್ಲಿಗೆ ಹಚ್ಚಿಕೊಟ್ಟೆ.

‘ಅಕ್ಕ, ಊಟ ಆತೇನು?’ ಎಂದರು.

ಆಮೇಲೆ ವಾರಕ್ಕೊಮ್ಮೆ ಅಪ್ಪ ಕಂಪ್ಲಿಗೆ ಹೋಗತೊಡಗಿದರು. ಅವರು ಸಂಡೂರಜ್ಜಿಯ ಬಗ್ಗೆ ಕೇಳುವುದು, ಅತ್ತೆ ಹೇಳುವುದು: ಏನು ಇಷ್ಟಪಡುತ್ತಿದ್ದಳು, ಯಾವ ಹಾಡು ಹೇಳುತ್ತಿದ್ದಳು, ಬಾಗಿಲ ಸಂದಿಯಿಂದ ಮಗನನ್ನು ನೋಡಿ ಏನೆನ್ನುತ್ತಿದ್ದಳು. ಮುದುಕ ಮುದುಕಿ ಎದುರುಬದುರು ಕೂತು ಕಳೆದ ಆ ಚಳಿಗಾಲದಲ್ಲಿ ಅಪ್ಪ ಅಷ್ಟು ಮಾತಾಡುವುದನ್ನು ನಾನು ಮೊದಲ ಬಾರಿ ಕಂಡೆ.

ಯುಗಾದಿಗೆ ಮೊದಲೇ ಅತ್ತೆ ಹೋದಳು. ಬೆಳಿಗ್ಗೆ ಹಾಲು ಕಾಯಿಸಲು ಏಳಲಿಲ್ಲ, ಅಷ್ಟೇ. ಮಗ ಕೊಳ್ಳಿ ಇಟ್ಟ. ಹೊಳೆಯಲ್ಲಿ ಮುಳುಗು ಹಾಕಿ ಬಂದ ಮೇಲೆ ಪುರೋಹಿತರು ಅಪ್ಪನ ವಯಸ್ಸು ನೋಡಿ ಕನಿಕರದಿಂದ, ಮದುವೆಯಾಗಿ ಹೋದ ಅಕ್ಕನಿಗೆ ತಮ್ಮ ಹೆಚ್ಚು ದಿನ ಸೂತಕ ಹಿಡಿಯಬೇಕಿಲ್ಲ, ಇನ್ನು ಮನೆಗೆ ಹೋಗಬಹುದು ಎಂದರು.

‘ಅಕ್ಕನ ಲೆಕ್ಕ ನನಗೂ ಗೊತ್ತದ, ಆಚಾರ್ರ’ ಎಂದರು ಅಪ್ಪ. ‘ತಾಯಿಗೆ ಎಷ್ಟು ದಿನ, ಅದನ್ನ ಹೇಳ್ರಿ.’

ಪುರೋಹಿತರು ಅತ್ತೆಯ ಮಗನ ಮುಖ ನೋಡಿದರು. ಅವನು ಒಳಗೆ ಹೋಗಿ ಇನ್ನೊಂದು ಚಾಪೆ ತಂದು ತನ್ನದರ ಪಕ್ಕದಲ್ಲಿ ಹಾಸಿದ. ಹತ್ತು ದಿನವೂ ಅಪ್ಪ ಅಲ್ಲೇ ನೆಲದ ಮೇಲೆ ಮಲಗಿದರು.