ಮಾವನವರ ದಾರ, ನನ್ನ ಗುಂಡಿ

ಹೆಣ್ಣು ನೋಡಲು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದ ನಾನು ಹುಡುಗಿಯ ತಂದೆಯ ಮುಂದೆ ಏನು ಇಟ್ಟಿರಬಹುದು, ಹೇಳ್ರಿ ನೋಡೋಣ? ಗಿಟಾರು, ಜೊತೆಗೆ ಅದರ ದನಿ ಜೋರು ಮಾಡಲು ನಾನೇ ಕಟ್ಟಿದ ವಾಲ್ವಿನ ಆಂಪ್ಲಿಫೈಯರ್ ಪೆಟ್ಟಿಗೆ. ಅವರೋ ಸಂಗೀತದ ಮಾಸ್ತರರು. ನಾನು ನುಡಿಸಿದ ಎರಡು ಸ್ವರ ಕೇಳಿ, "ಹಿಟ್ಟಿನ ಗಿರಣಿ ಚಾಲೂ ಮಾಡೀರೇನು? ಇಂಥಾ ಕಿವಿಯವರಿಗೆ ಮಗಳನ್ನ ಹೆಂಗ ಕೊಡೂದು?" ಎಂದರು. ಆಮೇಲೆ ಝೇಂಕಾರ ಬರಲೆಂದು ತಂಬೂರಿಗೆ ಮಾಡುವಂತೆ ಗಿಟಾರಿನ ತಂತಿಯಡಿ ನೂಲಿನ ದಾರ ತೂರಿಸಿ, ಒಂದು ಕೈಲಿ ತಂತಿ ಮೀಟುತ್ತ ಇನ್ನೊಂದರಲ್ಲಿ ಅದನ್ನು ಮೆಲ್ಲಗೆ ಎಳೆಯತೊಡಗಿದರು. ಅದೇ ಹೊತ್ತಿಗೆ ನಾನು ಪೆಟ್ಟಿಗೆಯ ಹಿಂದೆ ಕೈಯಿಟ್ಟು, ವಾಲ್ವುಗಳ ವೋಲ್ಟೇಜು ಇಳಿಸುವ ಗುಂಡಿ ತಿರುಗಿಸಿದೆ. ದನಿ ಮೆತ್ತಗಾಗಿ ಝೇಂಕರಿಸಿತು.

"ನೋಡ್ರಿ, ದಾರ ಹೆಂಗ ಕೂತತು," ಎಂದು ಹಿಗ್ಗಿದರು.

"ನಿಮ್ಮ ಕೈಗುಣರೀ, ಮಾಸ್ತರ."

"ಹುಡುಗಗ ಕಿವಿ ಐತಿ," ಎಂದು ಒಪ್ಪಿಯೇಬಿಟ್ಟರು. ಬಾಗಿಲ ಸಂದಿಯಿಂದ ನನ್ನ ಕೈಯನ್ನೇ ನೋಡುತ್ತಿದ್ದ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮೋಸ ಅನ್ನಬೇಡ್ರಿ. ಊರಿಗೆ ಊರೇ ಸೋಗು ಹಾಕುವ ದಿನವದು: ನಲವತ್ತಾರನೆಯ ಇಸವಿಯ ಹೋಳಿ ಹುಣ್ಣಿಮೆ.