ನೆಟ್ಟನೆ ಬೆನ್ನಿನ ಗೊಬ್ಬೊಗಳು

ಇಟಲಿಯ ಕಡಲ ದಡದ ನಮ್ಮ ಕ್ಯೋಜ್ಜಾ ಊರಲ್ಲಿ ಒಂದು ಕಲ್ಲು ಎಸೆದರೆ ಯಾರೋ ಒಬ್ಬ ಬೋಸ್ಕೊಲೊನ ತಲೆಗೆ ಬೀಳುತ್ತದೆ, ಅಷ್ಟು ಜನಕ್ಕೆ ಅದೇ ಕುಲನಾಮ. ಅವನ ಹೆಸರು ಫೆಲಿಚೆ ಆಗಿದ್ದರೂ ಆಶ್ಚರ್ಯವಿಲ್ಲ, ಊರು ಕಾಯುವ ಸಂತನ ಹೆಸರು ಎಲ್ಲರಿಗೂ ಬೇಕು. ಒಂದೊಂದು ಮನೆತನಕ್ಕೂ ಊರು ಇಟ್ಟ ಅಡ್ಡಹೆಸರು ಇಲ್ಲದಿದ್ದರೆ ಅಂಚೆಯವನಿಗೂ, ಸತ್ತವರ ಸುದ್ದಿ ಹೇಳಲು ಗೋಡೆಗೆ ಹಚ್ಚುವ ಪೋಸ್ಟರ್ ಅಚ್ಚು ಹಾಕುವ ನನಗೂ ತಲೆ ಕೆಡುತ್ತಿತ್ತು.

ನನಗೆ ಎಲ್ಲಕ್ಕಿಂತ ಕುತೂಹಲ ಗೊಬ್ಬೊ ಮನೆತನದ ಮೇಲೆ. ಗೊಬ್ಬೊ ಎಂದರೆ ಗೂನ. ಯಾವ ಕಾಲದ್ದೋ ಒಬ್ಬ ಮುತ್ತಜ್ಜನ ಬೆನ್ನು ಬಾಗಿತ್ತಂತೆ. ಬೆನ್ನು ಅವನ ಜೊತೆ ಮಣ್ಣಾಯಿತು, ಹೆಸರು ಮಾತ್ರ ಉಳಿಯಿತು. ಈಗಿನವರೆಲ್ಲ ದೋಣಿಯ ಕಂಬದಷ್ಟು ನೆಟ್ಟಗಿದ್ದಾರೆ. ಒಬ್ಬ ಗೊಬ್ಬೊ ಪೊಲೀಸ್, ಒಬ್ಬಳು ಸನ್ಯಾಸಿನಿ, ಒಬ್ಬ ಜೋಡಿನೃತ್ಯದಲ್ಲಿ ಕಪ್ ಗೆದ್ದವನು. ಇನ್ನೊಬ್ಬ ಇಸ್ಪೀಟಿನಲ್ಲಿ ಮೋಸ ಮಾಡಿ, ಪೊಲೀಸ್ ಗೊಬ್ಬೊನ ಕೈಗೇ ಸಿಕ್ಕಿಬಿದ್ದವನು.

ಫೆಲಿಚೆ ಗೊಬ್ಬೊ ಬಲೆ ರಿಪೇರಿ ಮಾಡುತ್ತಿದ್ದ. ನಲವತ್ತು ವರ್ಷ ಕಾಲುವೆ ದಡದಲ್ಲಿ ಕೂತು, ಬಲೆಯ ಜೊತೆ ತಂದವರ ಸಂಸಾರದ ಹರುಕನ್ನೂ ವಿಚಾರಿಸಿದ. "ಹೆಂಡ್ತಿ ಮಾತು ಬಿಟ್ಟಿದ್ದಾಳಾ? ಹೋಗಿ ತಪ್ಪಾಯ್ತು ಅನ್ನು. ಆಮೇಲೆ ಬಾ, ಬಲೆ ಕೊಡ್ತೀನಿ." ಅಲ್ಲಿಯವರೆಗೂ ಬಲೆ ಸಿಗುತ್ತಿರಲಿಲ್ಲ.

ಅವನ ಹೆಂಡತಿ ತೀರಿಹೋದ ಮೇಲೆ ಮಗಳು ಓರ್ನೆಲ್ಲಾ ಅವನನ್ನು ತಾನಿದ್ದ ಪಾದುವಾ ನಗರಕ್ಕೆ ಕರೆದುಕೊಂಡು ಹೋದಳು. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡ. ಊರಲ್ಲೇ ಮಣ್ಣು ಮಾಡಲು ಮಗಳು ಅವನನ್ನು ತಂದಳು, ಪೋಸ್ಟರ್ ಹಾಕಿಸಲು ನನ್ನ ಅಂಗಡಿಗೆ ಬಂದಳು.

"ಅಡ್ಡಹೆಸರು ಬೇಡ, ನಿವೆಸಕ್ಕ."

"ಅದಿಲ್ದೆ ಯಾರು ಹೋಗಿದ್ದು ಅಂತ ಗೊತ್ತಾಗೋದು ಹೇಗೇ?"

"ನಾನು ಪಾದುವಾದಲ್ಲಿ ಓದುವಾಗ ಹುಡುಗೀರು ಬೆನ್ನು ಬಗ್ಗಿಸ್ಕೊಂಡು ನನ್ನ ಹಿಂದೆ ನಡೀತಿದ್ರು. ನಾಳೆ ಗಂಡನ ಮನೆಯೋರು ಬರ್ತಾರೆ. ಗೋಡೆ ಗೋಡೇಲೂ ನಮ್ಮಪ್ಪ ಗೂನ ಅಂತ ಓದ್ಬೇಕಾ ಅವ್ರು?"

ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಆದರೂ ಅತ್ತು ಕೆಂಪಾದ ಅವಳ ಕಣ್ಣು ನೋಡಿ ಅವತ್ತು ಅಡ್ಡಹೆಸರಿಲ್ಲದೆಯೇ ಅಚ್ಚು ಹಾಕಿಕೊಟ್ಟೆ. ತಪ್ಪು ನನ್ನದೂ ಹೌದು.

ಪೋಸ್ಟರ್ ಊರ ಗೋಡೆಗಳಿಗೆ ಏರಿತು. ಜನ ಹೂ ಹಿಡಿದು, ಬೇಕರಿ ನಡೆಸುವ ಇನ್ನೊಬ್ಬ ಫೆಲಿಚೆ ಬೋಸ್ಕೊಲೊನ ಮನೆಗೆ ಹೋದರು. ಹಿಟ್ಟಿನ ಕೈಯಲ್ಲಿ ಅವನೇ ಬಾಗಿಲು ತೆಗೆದ. ಬಂದವರೆಲ್ಲ ಅಪಶಕುನ ಕಳೆಯಲೆಂದು ಬಾಗಿಲ ಕಬ್ಬಿಣ ಮುಟ್ಟಿಕೊಂಡರು, ಹಾಗಾದರೆ ಇನ್ಯಾವನೋ ಫೆಲಿಚೆ ಇರಬೇಕೆಂದು ಮನೆಗೆ ಹೋದರು. ಸಂಜೆ ಸತ್ತವನಿಗಾಗಿ ಚರ್ಚಿನಲ್ಲಿ ನಡೆದ ಪ್ರಾರ್ಥನೆಗೆ ಮನೆಯವರೂ ಸೇರಿ ನಾವು ಐದೇ ಜನ.

ಬೆಳಿಗ್ಗೆ ಓರ್ನೆಲ್ಲಾ ಮತ್ತೆ ಬಂದಳು. "ಅಪ್ಪ ಊರಿಗೆಲ್ಲಾ ಬಲೆ ಹೊಲಿದ್ರು. ಒಬ್ರೂ ಬರ್ಲಿಲ್ಲವಲ್ಲಕ್ಕ."

"ನಿಮ್ಮಪ್ಪ ಹೋಗಿದ್ದು ಊರಿಗೆ ಗೊತ್ತೇ ಇಲ್ಲ ಕಣೇ. ಯಾರೋ ಒಬ್ಬ ಫೆಲಿಚೆ ಬೋಸ್ಕೊಲೊ ಹೋಗಿದ್ದಾನೆ, ಅಷ್ಟೇ."

ಅವಳು ನನ್ನ ಮೇಜಿನ ಮೇಲಿದ್ದ ದಪ್ಪ ಕಪ್ಪು ಪೆನ್ನು ತೆಗೆದುಕೊಂಡು ಹೊರಟಳು. ನಾನು ಅಂಗಡಿ ಮುಚ್ಚಿ ಹಿಂದೆ ಓಡಿದೆ. ಪ್ರತಿ ಪೋಸ್ಟರಿನಲ್ಲೂ ಹೆಸರಿನ ಕೆಳಗೆ ಗೊಬ್ಬೊ ಎಂದು ಬರೆಯುತ್ತಾ ಹೋದಳು. ಮೊದಲೆರಡು ಕಡೆ ಸಣ್ಣಗೆ ಬರೆದಳು, ಆಮೇಲೆ ಅಕ್ಷರ ದೊಡ್ಡದಾಯಿತು.

ಮೀನು ಮಾರ್ಕೆಟ್ಟಿನ ಹತ್ತಿರ ಹಾವುಮೀನು ಮಾರುವ ಯೊಲಾಂಡಾ ಕತ್ತಿ ಹಿಡಿದೇ ಕೂಗಿದಳು: "ಏಯ್, ಸತ್ತೋರ ಪೋಸ್ಟರ್ ಮೇಲೆ ಗೀಚ್ತೀಯಲ್ಲೇ! ಯಾರ ಮಗಳೇ ನೀನು?"

ಓರ್ನೆಲ್ಲಾ ತಿರುಗಿದಳು. "ಗೊಬ್ಬೊ ಮಗಳು."

ಯೊಲಾಂಡಾ ಹತ್ತಿರ ಬಂದು ಓದಿದಳು. "ನಮ್ಮ ಬಲೆ ಗೊಬ್ಬೊನಾ? ಅಯ್ಯೋ, ನನ್ನ ಗಂಡನ್ನ ವಾಪಸ್ ಮನೆಗೆ ಕಳಿಸಿದ್ದೇ ಅವ್ನು!" ಮಾರ್ಕೆಟ್ಟಿನ ಕಡೆ ತಿರುಗಿ ಅರಚಿದಳು: "ಗೊಬ್ಬೊ ಹೋಗ್ಬಿಟ್ಟ ಕಣ್ರೋ!"

ಹನ್ನೊಂದಕ್ಕೆ, ಅಂತ್ಯಕ್ರಿಯೆಯ ಹೊತ್ತಿಗೆ, ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಓರ್ನೆಲ್ಲಾಳ ಗಂಡನ ಮನೆಯವರು ಬಾಗಿಲ ಹೊರಗೇ ಉಳಿದರು. ಪೊಲೀಸ್, ನೃತ್ಯದವನು, ಇಸ್ಪೀಟಿನವನು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ನಾಲ್ಕನೆಯ ಮೂಲೆಗೆ ಯಾರನ್ನೂ ಬಿಡದೆ ಓರ್ನೆಲ್ಲಾ ತಾನೇ ನಿಂತಳು. ಭಾರಕ್ಕೆ ಆ ನಾಲ್ವರು ಗೊಬ್ಬೊಗಳ ಬೆನ್ನೂ ಬಾಗಿತ್ತು.